ಹೂವಿನ ದುಂಬಿಯೂ ನನ್ನ ಕ್ಷೌರವೂ

ನಮ್ಮ ಹಣೆಬರಹವನ್ನು ಬರೆಯುವವರು ಯಾರೋ ಗೊತ್ತಿಲ್ಲ. ನನ್ನದನ್ನಂತೂ ಬರೆಯುವ ಹೊತ್ತಿಗೆ ಅವರಿಗೆ ತೂಕಡಿಕೆ ಬಂದಿರಬೇಕು. ಇಲ್ಲದಿದ್ದರೆ ಧಾರವಾಡ ಬಿಟ್ಟು ಪುಣೆಗೆ ಬಂದು, ಸರ್ಕಾರಿ ಕೀಟ ವಿಭಾಗದಲ್ಲಿ ಆರು ವರ್ಷ ಹಂಗಾಮಿ ಗುಮಾಸ್ತನಾಗಿ ಸತ್ತ ಹುಳುಗಳಿಗೆ ಚೀಟಿ ಬರೆಯುತ್ತ ಕೂರುವ ಬಾಳು ಯಾರಿಗೆ ಬರುತ್ತದೆ? ಆ ಹುಳುಗಳಿಗಾದರೂ ಪೆಟ್ಟಿಗೆಯಲ್ಲಿ ಕಾಯಂ ಜಾಗವಿತ್ತು.

ನಮ್ಮ ಸಾಹೇಬರಿಗೆ ಒಂದು ದುಂಬಿಯ ಹುಚ್ಚು. ಅದಕ್ಕೆ ಮೈಯಷ್ಟೇ ಉದ್ದದ ಮೀಸೆ. ಮರಿಯಾಗಿದ್ದಾಗ ಕಾಡಿನ ಕೊಳೆತ ಮರದೊಳಗೆ ವಾಸ, ರೆಕ್ಕೆ ಬಂದ ಮೇಲೆ ಹೂವಿನ ಮೇಲೆ ಊಟ. "ಜೀವಂತ ತಂದುಕೊಡು, ವಿಲಾಯತಿಗೆ ಹೊರಡುವ ಮುನ್ನ ನಿನ್ನನ್ನು ಕಾಯಂ ಮಾಡಿ ಹೋಗುತ್ತೇನೆ" ಎಂದಿದ್ದರು. ನಾಲ್ಕು ಭಾನುವಾರ ಸಿಂಹಗಡದ ಹಿಂದಿನ ಕಾಡಿನಲ್ಲಿ, ಬಿದ್ದ ಮರಗಳ ನಡುವೆ ಅಲೆದೆ. ಇದ್ದೆರಡು ಧೋತರಗಳಲ್ಲಿ ಒಂದು ಮುಳ್ಳಿನ ಪಾಲಾಯಿತು. ಸಾಹೇಬರು ಹೊರಡುವ ಹಿಂದಿನ ದಿನ, ಬಿಳಿ ಹೂಗೊಂಚಲೊಂದರಲ್ಲಿ ಮುಖ ಹುದುಗಿಸಿ ಅದು ಪರಾಗ ಮೇಯುತ್ತಿತ್ತು. ಗೊಂಚಲು ಸಮೇತ ಮುಚ್ಚಳದ ಬುಟ್ಟಿಯಲ್ಲಿ ತಂದು ಪಡಸಾಲೆಯಲ್ಲಿಟ್ಟೆ.

ಕಾಯಂ ನೌಕರನಾಗುವವನು ಕುರುಚಲು ಗಡ್ಡದಲ್ಲಿ ಹೋಗಿ ನಿಲ್ಲುವುದೇ? ಬೆಳಿಗ್ಗೆ ಎದ್ದವನೇ ಕ್ಷೌರಕ್ಕೆ ಹೋದೆ. ಬಂದು ನೋಡಿದರೆ ಬುಟ್ಟಿ ಖಾಲಿ. ದೇವರ ಕೋಣೆಯಲ್ಲಿ ಮಡಿಯುಟ್ಟ ಅವ್ವ. ವಿಠ್ಠಲನ ತಲೆಯ ಮೇಲೆ ಬಿಳಿ ಗೊಂಚಲು. ಗೊಂಚಲಿನ ಮೇಲೆ ಮೀಸೆ ಆಡಿಸುತ್ತ ನನ್ನ ನೌಕರಿ!

"ಭಾಳ ಛಲೋ ಹೂವು ತಂದೀಯಪಾ. ಅಂತೂ ನಿನಗ ದೇವರ ನೆನಪಾತಲ್ಲ!" ಎಂದಳು ಅವ್ವ.

"ಅವ್ವಾ, ಆ ಹುಳಾ ಹಿಡಿ! ಕಿಡಕಿ ಮುಚ್ಚು!"

"ದೇವರ ತಲಿಮ್ಯಾಲೆ ಕೂತ ಜೀವಾ ಅದು, ಹಿಡೀತಾರೇನು? ಕ್ಷೌರದ ಮೈಯಾಗ ಹೊಸ್ತಿಲಾ ದಾಟಿದ್ರ ನೋಡು ಮತ್ತ! ಮೊದಲ ಸ್ನಾನಾ ಮಾಡಿ ಬಾ."

ಬಚ್ಚಲಿಗೆ ಓಡಿದೆ. ನಾಲ್ಕು ತಂಬಿಗೆ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಮರಳಿದೆ. ಕಿಟಕಿಯಲ್ಲಿ ಆಕಾಶ ಕಂಡಿತು, ದುಂಬಿ ಕಾಣಲಿಲ್ಲ. ಅವ್ವ ಅಂಗೈಗೆ ತೀರ್ಥ ಹಾಕಿದಳು. ಅಳು ನುಂಗಿಕೊಂಡು ಅದನ್ನೂ ಕುಡಿದೆ.

ಸಾಹೇಬರು ಖಾಲಿ ಬುಟ್ಟಿಯನ್ನೊಮ್ಮೆ, ನನ್ನ ನುಣುಪು ಗಲ್ಲವನ್ನೊಮ್ಮೆ ನೋಡಿ ಮುಂಬಯಿ ರೈಲು ಹತ್ತಿದರು. ನಾನು ಹಂಗಾಮಿಯಾಗಿಯೇ ಉಳಿದೆ. ಅವ್ವನ ಮಡಿಯಿಂದ ನನ್ನ ಬಾಳು ಹಾಳಾಯಿತೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಿಮ್ಮೆದುರು ಸುಳ್ಳೇಕೆ? ಹೊಸ್ತಿಲಿನಿಂದ ದುಂಬಿಗೆ ಎರಡೇ ಹೆಜ್ಜೆ. ಅವ್ವನೇನೂ ನನ್ನ ಕೈ ಹಿಡಿದಿರಲಿಲ್ಲ. ಮಡಿ ಮೈಲಿಗೆಯೆಲ್ಲ ಬರೀ ಮೂಢನಂಬಿಕೆ ಎಂದು ಹಿಂದಿನ ವಾರವಷ್ಟೇ ಗೆಳೆಯರ ಕೂಟದಲ್ಲಿ ಅರ್ಧ ಗಂಟೆ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದ್ದವನು ನಾನೇ.