ಈರಸಂಗಪ್ಪನ ಸ್ಫಟಿಕಸಾಗರಲಂಘನ

ಅಗ್ಗವೇ ಅಮೃತವೆಂದೂ ಹಡಗಿನಲ್ಲಿ ಬಂದದ್ದೇ ಹಿರಿದೆಂದೂ ಲೋಕವು ನಂಬಿದ್ದ ಈ ಕಲಿಯುಗದ ನುಣುಪು ಪಾದದಲ್ಲಿ, ಕೆಂಪು ಶಿಲೆಯ ಗಣಿಗಳಿಂದ ಖ್ಯಾತವಾದ ಇಳಕಲ್ಲಿನಲ್ಲಿ, ಊರ ಕಲ್ಲನ್ನು ತೃಣೀಕರಿಸಿ ಸಪ್ತಸಾಗರದಾಚೆಯಿಂದ ಟೈಲ್ಸ್ ತರಿಸಿದ ಧೀರನೊಬ್ಬನಿದ್ದನು. ಚೌಕಾಸಿಚತುರಾನನ, ರಿಯಾಯಿತಿರಣಕಂಠೀರವ, ಸೀರೆ ಅಂಗಡಿಯ ಈರಸಂಗಪ್ಪನೆಂಬ ಆ ಮಹಾಪುರುಷನ ಗೃಹಪ್ರವೇಶಪರಾಕ್ರಮವನ್ನು ಹೇಳುವೆನು. ಗೋಡೆಗೆ ಒರಗಿಯಾದರೂ ಕೇಳಿರಿ.

ಚಂದ್ರಬಿಂಬದಂತೆ ಹೊಳೆಯುವ ಆ ನೆಲವು ಮೊದಲಿನಿಂದಲೂ ಗುಟ್ಟಾಗಿ ಕಪ್ಪ ವಸೂಲಿ ಮಾಡುತ್ತಲೇ ಇತ್ತು. ಪೆಟ್ಟಿಗೆ ಬಿಚ್ಚುವಾಗಲೇ ಕಾಲುಭಾಗ ಟೈಲ್ಸ್ ವೀರಮರಣವನ್ನಪ್ಪಿದವು. ಉಳಿದವು ಹಪ್ಪಳದಂತೆ ಸೊಟ್ಟಗಿದ್ದು, ಅಂಟಿನ ಮೇಲೆ ಅಂಟು ಬೇಡಿದವು. ಆದರೂ ವೀರನ ಎದೆ ಕುಗ್ಗಲಿಲ್ಲ. ಕುಗ್ಗಿದ್ದು ಮುಹೂರ್ತದ ಹೊತ್ತಿಗೆ. ಮನೆಮಗಳು ಕಾಲು ತೊಳೆದುಕೊಂಡು ಮೊದಲು ಒಳಹೊಕ್ಕು ಹಾಲುಕ್ಕಿಸಬೇಕೆಂಬುದು ಆ ಕುಲದ ಕಟ್ಟಳೆ. ಆ ಮನೆಮಗಳು, ಅಕ್ಕ ಶಿವಗಂಗವ್ವ, ಹೊಸ್ತಿಲಲ್ಲಿ ಇಣುಕಿ ನೋಡಿ ಬಂಡೆಯಾಗಿ ನಿಂತಳು.

“ತಮ್ಮಾ, ಇದು ನೆಲಾನೋ ಕನ್ನಡೀನೋ? ಹಸಿ ಕಾಲಾಗ ನಾ ಬರಾಂಗಿಲ್ಲ.”

“ಅಕ್ಕಾ, ಮುಹೂರ್ತ ಮೀರತೈತಿ.”

“ಮೀರಲಿ. ನನ್ನ ಸೊಂಟ ಮುರದ್ರ ಅದನ್ನೂ ಹಡಗಿನ್ಯಾಗ ತರಸ್ತೀ ಏನು?”

ಅಕ್ಕ ತಿರುಗಿ ಹೋದರೆ ಹಾಲಿಲ್ಲ, ಹಾಲಿಲ್ಲದೆ ಮನೆಯಿಲ್ಲ. ನೆರೆದ ಬೀಗರ ನಗೆಯೋ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಇದನ್ನೆಣಿಸಿ, ಪದಾಹತಭುಜಂಗಸದೃಶನಾದ ಈರಸಂಗಪ್ಪನು ಕಚ್ಚೆ ಬಿಗಿದು, ಪಾದಗಳಿಗೆ ನೀರು ಸುರಿದುಕೊಂಡು, ಹಾಲಿನ ತಂಬಿಗೆಯನ್ನು ಗದೆಯಂತೆತ್ತಿ ಗರ್ಜಿಸಿದನು: “ಬಂಧುಗಳಿರಾ, ಅಗ್ಗದ ಮಾಲೆಂದು ನಕ್ಕ ನಾಲಿಗೆಗಳು ಇಂದು ನಾಚಲಿ. ಈ ಸ್ಫಟಿಕಸಾಗರವನ್ನು ಒದ್ದೆಗಾಲಿನಲ್ಲಿಯೇ ಲಂಘಿಸುವೆನು.”

“ಹಾರೂದಿದ್ರ ತಂಬಗಿ ಇಟ್ಟು ಹಾರ್ರಿ,” ಎಂದಳು ಹೆಂಡತಿ ದಾನಮ್ಮ.

ಮೊದಲ ಹೆಜ್ಜೆಯನ್ನು ಭೂದೇವಿ ತಡೆದುಕೊಂಡಳು. ಎರಡನೆಯದನ್ನು ತಡೆಯಲಿಲ್ಲ. ಕಾಲುಗಳು ಪೂರ್ವದ ದಿಗ್ವಿಜಯಕ್ಕೂ ತಲೆ ಪಶ್ಚಿಮಕ್ಕೂ ಹೊರಟು, ವೀರನು ಕ್ಷೀರಸಾಗರಶಯನನಾದನು. ತಂಬಿಗೆ ಬಿದ್ದ ಕಡೆ, ನಡುಮನೆಯ ನಟ್ಟನಡುವಿನ ಟೈಲ್ಸು ಚೂರಾಯಿತು.

“ತಮ್ಮಾ, ದಾಟಿದ್ಯಾ?”

“ಅರ್ಧಾ ದಾಟೇನಿ, ಅಕ್ಕಾ.”

ಬದಲಿ ಟೈಲ್ಸು ಒಂದೂ ಉಳಿದಿರಲಿಲ್ಲ. ತಂದ ಹಡಗು ಎಂದೋ ತಿರುಗಿ ಹೋಗಿತ್ತು. ಕಡೆಗೆ ದಾನಮ್ಮ ಹಿತ್ತಲಿನಿಂದ ಬಟ್ಟೆ ಒಗೆಯುವ ಇಳಕಲ್ಲಿನ ಕೆಂಪು ಕಲ್ಲನ್ನು ಹೊರಿಸಿ ತಂದು ಆ ಗುಂಡಿಯಲ್ಲಿ ಕೂರಿಸಿದಳು. ಹೊಸ್ತಿಲಿನಿಂದ ಅಲ್ಲಿಯವರೆಗೆ ಗೋಣಿಚೀಲ ಹಾಸಿದಳು. ಶಿವಗಂಗವ್ವ ಚೀಲ ತುಳಿಯುತ್ತ ನಡೆದು, ಕಲ್ಲಿನ ಮೇಲೆ ಒಲೆ ಹೂಡಿ, ಬೇರೆ ಹಾಲು ತರಿಸಿ ಉಕ್ಕಿಸಿದಳು.

ಸಾಗರ ಗೆಲ್ಲಲು ಹೊರಟ ಆ ಮಹಾವೀರನು ಈಗ ಒಗೆಯುವ ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತಾನೆ. ಬಾಗಿಲಲ್ಲಿ ಯಾರೇ ಕಾಣಲಿ, ಅವನ ಬಾಯಿಂದ ಹೊರಡುವುದು ಇಷ್ಟೇ:

“ಬರ್ರಿ, ಬರ್ರಿ. ಚೀಲದ ಮ್ಯಾಲ ಕಾಲಿಡ್ರಿ.”