ಕೊನೆಯ ಖಾನೆಗೆ ಒಬ್ಬರು ಬೇಕಾಗಿದ್ದಾರೆ

ನಮ್ಮ ದೊಡ್ಡಾಸ್ಪತ್ರೆಯ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ
(ಒಂದು ಪ್ರತಿ ಕ್ಯಾಂಟೀನ್ ಬಾಗಿಲಿನ ನೋಟಿಸ್ ಬೋರ್ಡಿಗೆ, ಎಲ್ಲರೂ ಓದಲೆಂದು)

ಮಾನ್ಯರೇ,

ಮೂರನೆಯ ಮಹಡಿಯಲ್ಲಿ ತಾವು ತಂಪಾಗಿಯೂ ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾವು ಬಿಸಿಯಾಗಿಯೂ ಕ್ಷೇಮವಾಗಿರುವ ಈ ಹೊತ್ತಿನಲ್ಲಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಈ ಕಾಗದದಲ್ಲಿ ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಈ ಸಾಲನ್ನು ಮೂರು ಸಲ ಬರೆದು ಹರಿದಿದ್ದೇನೆ. ಇನ್ನು ಹರಿಯಲು ಹಾಳೆ ಉಳಿದಿಲ್ಲ.

ಹನ್ನೆರಡು ವರ್ಷ ನಾನು ಮಾಡಿದ್ದು ಬೆಡ್‌ಶೀಟ್ ಮಡಚುವ ಕೆಲಸ. ಅದಕ್ಕೆ ಇಬ್ಬರು ಬೇಕು, ಆ ತುದಿಗೊಬ್ಬಳು, ಈ ತುದಿಗೊಬ್ಬಳು; ನನ್ನೆದುರು ತುದಿ ಹಿಡಿಯುತ್ತಿದ್ದವಳನ್ನು ಇಡೀ ವಿಭಾಗ ಈಗಲೂ ನನ್ನ ಜೋಡಿ ಎಂದೇ ಕರೆಯುತ್ತದೆ. ಚೆನ್ನಾಗಿ ಮಡಚುತ್ತೇನೆಂಬ ಒಂದೇ ತಪ್ಪಿಗೆ ತಾವು ಹೋದ ಬೇಸಿಗೆಯಲ್ಲಿ ನನಗೆ ಮಡಚುವುದನ್ನು ಬಿಡಿಸಿ ಮೇಲ್ವಿಚಾರಕಿಯ ಪಟ್ಟ ಕಟ್ಟಿದಿರಿ. ‘ಬೇಡ ಸಾರ್, ಯಾರಿಗಾದ್ರೂ ಗದರಿದ್ರೆ ನಂಗೇ ಹೊಟ್ಟೆ ಕೆಡುತ್ತೆ’ ಎಂದು ನಾನು ಅಂಗಲಾಚಿದ್ದನ್ನು ತಾವು ‘ವಿನಯಶೀಲೆ’ ಎಂದು ಬರೆದುಕೊಂಡಿರಿ. ನಮ್ಮೆಜಮಾನರು ಮಾತ್ರ ‘ಇಷ್ಟು ದಿನ ನಿಂತ್ಕೊಂಡು ಚಿಂತೆ ಮಾಡ್ತಿದ್ದೆ, ಇನ್ಮೇಲೆ ಕುರ್ಚಿ ಮೇಲೆ ಕೂತ್ಕೊಂಡು ಮಾಡು’ ಎಂದು ಹರಸಿದರು.

ನನ್ನಂಥ ಅಳ್ಳೆದೆಯವರನ್ನು ನಾಯಕರನ್ನಾಗಿಸಲು ತಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡು ದಿನದ ತರಬೇತಿಯಲ್ಲಿ ನಮ್ಮೊಳಗಿನ ಸಿಂಹವನ್ನು ಚಿತ್ರ ಬರೆದು ತೋರಿಸಲು ಹೇಳಿದಿರಿ; ನನ್ನದು ಬೆಕ್ಕಾಯಿತು, ಅದೂ ನೆನೆದ ಬೆಕ್ಕು. ಯಾರದೇ ತಪ್ಪು ಹೇಳುವ ಮುಂಚೆ ಅವರನ್ನು ಹೊಗಳಬೇಕೆಂಬ ಅಮೂಲ್ಯ ಗುಟ್ಟನ್ನೂ ಕಲಿಸಿದಿರಿ. ಮಾರನೆಯ ದಿನವೇ ನಾನು ಒಣಗಿಸುವ ಮಷಿನ್ನಿನಣ್ಣನ ಬಳಿ ಹೋಗಿ, ನಿಮ್ಮ ಕೈ ಎಷ್ಟು ಚುರುಕಣ್ಣಾ ಎಂದೆ. ಇಪ್ಪತ್ತು ವರ್ಷದಲ್ಲಿ ಒಂದು ಒಳ್ಳೆಯ ಮಾತು ಕೇಳದ ಆ ಮನುಷ್ಯ ಬೆವರಿ, ‘ಏನಕ್ಕಾ, ನನ್ನ ಕೆಲಸದಿಂದ ತೆಗೀತಾರಾ? ಹೇಳ್ಬಿಡು, ತಡ್ಕೊಳ್ತೀನಿ’ ಎಂದು ಅಲ್ಲೇ ಕುಸಿದು ಕೂತರು. ಅವರಿಗೆ ನೀರು ಕುಡಿಸುವಷ್ಟರಲ್ಲಿ ಹೇಳಬೇಕೆಂದಿದ್ದ ತಪ್ಪೇ ಮರೆತುಹೋಯಿತು. ಈಗ ನಾನು ನಗುತ್ತಾ ಹತ್ತಿರ ಹೋದರೆ ಸಾಕು, ಜನ ಎದ್ದು ಓಡುತ್ತಾರೆ. ನಾಯಕತ್ವದ ಪ್ರಭಾವವೆಂದರೆ ಇದೇ ಇರಬೇಕು.

ಇಷ್ಟರಲ್ಲಿ ತಮ್ಮ ವಾರ್ಷಿಕ ಮೌಲ್ಯಮಾಪನದ ನಮೂನೆ ಬಂತು. ಏನು ಮಾಡಿದರೂ ಒಬ್ಬರನ್ನು ‘ಸುಧಾರಣೆ ಅಗತ್ಯ’ ಎಂಬ ಕೊನೆಯ ಖಾನೆಗೆ ಹಾಕಲೇಬೇಕಂತೆ; ಎರಡು ವರ್ಷ ಸತತ ಅಲ್ಲಿ ಬಿದ್ದವರು ಮನೆಗೆ. ಹೋದ ವರ್ಷ, ಹಳೆಯ ಮೇಲ್ವಿಚಾರಕರ ಕಾಲದಲ್ಲಿ, ಅಲ್ಲಿ ಬಿದ್ದವಳು ನನ್ನ ಜೋಡಿ. ಹನ್ನೆರಡು ವರ್ಷ ತಮ್ಮ ಬೆಡ್‌ಶೀಟುಗಳನ್ನು ಒದರಿ ಒದರಿ ಅವಳ ಬಲಭುಜ ಹಿಡಿದುಕೊಂಡಿದೆ, ಕೈ ಕಿವಿಯ ಮಟ್ಟಕ್ಕೂ ಏಳುವುದಿಲ್ಲ, ಲೆಕ್ಕದಂತೆ ಈ ಸಲವೂ ಅವಳೇ ಹಿಂದೆ. ನಾಲ್ಕು ದಿನ ನಾನು ನಮೂನೆ ಹಿಡಿದು ಓಡಾಡಿದ್ದನ್ನು ನೋಡಿ ಅವಳೇ ಬಂದು, ‘ನನ್ನ ಹೆಸರೇ ಬರಿಯೇ, ನೀನ್ಯಾಕೆ ಕೊರಗ್ತೀಯ’ ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹಿಂಜರಿಯುವ ಮೇಲ್ವಿಚಾರಕರಿಗೆಂದೇ ತಾವು ತೆರೆದಿರುವ ಸಹಾಯವಾಣಿಗೆ ಫೋನು ಮಾಡಿದೆ. ‘ನಿಮ್ಮ ಅಂತರಾತ್ಮವನ್ನು ಕೇಳಿಕೊಳ್ಳಿ ಮೇಡಂ’ ಎಂದರು. ನನ್ನ ಅಂತರಾತ್ಮ ನನ್ನ ಜೊತೆಯಲ್ಲೇ ಶಾಲೆ ಬಿಟ್ಟದ್ದು, ಅದಕ್ಕೇನು ಗೊತ್ತು? ಕೊನೆಯ ಖಾನೆಗೆ ನನ್ನ ಹೆಸರನ್ನೇ ಬರೆದು ಕಂಪ್ಯೂಟರಿಗೆ ಹಾಕಿದೆ. ಮೇಲ್ವಿಚಾರಕರ ಹೆಸರು ಸಲ್ಲದೆಂದು ಕಂಪ್ಯೂಟರು ವಾಪಸು ಕಳಿಸಿತು. ಆದ್ದರಿಂದ ಕೊನೆಯ ಖಾನೆಯಲ್ಲಿರುವುದೊಂದೇ ಕೆಲಸವೆಂದು ಕಾಯಂ ನೌಕರರೊಬ್ಬರನ್ನು ಪ್ರತಿ ವಿಭಾಗಕ್ಕೂ ನೇಮಿಸಿಕೊಡಬೇಕೆಂದು, ಅವರಿಗೊಂದು ಮೆತ್ತನೆಯ ಕುರ್ಚಿಯನ್ನೂ ಮಂಜೂರು ಮಾಡಬೇಕೆಂದು ಕೋರಿಕೆ ಬರೆಯಲು ಕೂತೆ.

ಬರೆಯುವ ಮುಂಚೆ ನಮೂನೆಯ ಹಿಂಬದಿಯ ಸಣ್ಣಕ್ಷರವನ್ನು ಬೆರಳಿಟ್ಟು ಓದಿದೆ. ಈ ವರ್ಷ ವಿಭಾಗದ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಕೆಲಸ ಮಾಡಿದ ಯಾರನ್ನಾದರೂ ಬರೆಯಬಹುದಂತೆ. ಪುಸ್ತಕ ತಿರುವಿದೆ. ‘ನೌಕರರೊಂದಿಗೆ ಒಂದು ದಿನ’ ಎಂದು ತಾವು ಫೋಟೋದವರ ಸಮೇತ ಇಳಿದು ಬಂದ ದಿನ, ತಮ್ಮ ಸಹಿ ದುಂಡಗೆ, ಎರಡು ಸಾಲು ಆಕ್ರಮಿಸಿ ಕೂತಿತ್ತು. ಅಂದು ತಾವು ನಲವತ್ತು ನಿಮಿಷದಲ್ಲಿ ಆರು ಬೆಡ್‌ಶೀಟು ಮಡಚಿದಿರಿ; ಆರನ್ನೂ ಬಿಚ್ಚಿ ಮಡಚಬೇಕಾಯಿತು; ಫೋನು ಬಂತೆಂದು ತುದಿ ಬಿಟ್ಟ ಏಳನೆಯದು ನೆಲಕ್ಕೆ ಬಿದ್ದು ಮತ್ತೆ ನೀರು ಕಂಡಿತು.

ದೇವರಾಣೆಗೂ ಸುಳ್ಳು ಬರೆದಿಲ್ಲ. ತಮ್ಮ ಹೆಸರು ಹಾಕಿದೆ, ಎರಡು ಲೋಟ ನೀರು ಕುಡಿದೆ, ಗುಂಡಿ ಒತ್ತಿದೆ. ಕಂಪ್ಯೂಟರು ‘ಧನ್ಯವಾದಗಳು, ಸ್ವೀಕರಿಸಲಾಗಿದೆ’ ಎಂದಿತು.

ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಮೇಲ್ವಿಚಾರಕಿ

ತಾ.ಕ.: ಕೊನೆಯ ಖಾನೆಯವರು ಏಳು ದಿನದೊಳಗೆ ತಮ್ಮ ಮೇಲ್ವಿಚಾರಕರ ಎದುರು ನಿಂತು ಸಹಿ ಹಾಕಬೇಕೆಂದಿದೆ, ಬೆಳಿಗ್ಗೆ ಆರರಿಂದ ನಾನು ಇಲ್ಲೇ ಇರುತ್ತೇನೆ, ಹೆದರಬೇಡಿ, ಗದರುವುದಿಲ್ಲ. ಮುಂದಿನ ವರ್ಷವೂ ಫೋಟೋಕ್ಕೆ ಬರುವುದಿದ್ದರೆ ಮಾತ್ರ ಸ್ವಲ್ಪ ಯೋಚಿಸಿ ಬನ್ನಿ. ಎರಡನೆಯ ಸಲ ಬಿದ್ದವರಿಗೆ ಏನಾಗುತ್ತದೆಂಬುದನ್ನು ಬರೆದವರು ತಾವೇ.