ದಂಡೆಯ ಮೇಲಿನ ಒಣ ಧೋತರ

ಆ ಬಂಡಿಯಲ್ಲಿ ನಾವು ಮೂವರಿದ್ದೆವು: ಮಸ್ಕಿ ಗುಡ್ಡದ ಬಂಡೆಗಳನ್ನು ನೋಡಲು ಬಂದಿದ್ದ ಒಬ್ಬ ಇಂಗ್ಲಿಷ್ ದೊರೆ, ಬಂಡಿ ಹೊಡೆಯುವ ಯಮನಪ್ಪ, ಮತ್ತು ದೊರೆಗೆ ನಮ್ಮ ದೇಶವನ್ನು ತಿಳಿಸಿಕೊಡಲೆಂದು ಲಿಂಗಸೂಗೂರಿನ ಕಚೇರಿಯವರು ಗಂಟು ಹಾಕಿದ್ದ ನಾನು. ನಿಜಾಮ ಸರಕಾರದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತ, ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುತ್ತಿದ್ದ ಮಾಸ್ತರ ನಾನು. ಇಂಗ್ಲಿಷ್ ನಾಲ್ಕಕ್ಷರ ಬರುತ್ತಿತ್ತು. ಒಂದು ದೇಶವನ್ನು ತಿಳಿಸಿಕೊಡಲು ಅಷ್ಟು ಸಾಕೆಂದು ಆಗ ಅನ್ನಿಸಿತ್ತು. ಈಗ ನೆನೆದರೆ ಕಿವಿ ಬಿಸಿಯಾಗುತ್ತವೆ.

ಸಂತೆಕಲ್ಲೂರು ದಾಟುವಾಗ ದೊರೆ ಕೇಳಿದ, "ನಿಮ್ಮಲ್ಲಿ ಒಬ್ಬೊಬ್ಬರಿಗೆ ತಮ್ಮದೇ ಮನಸ್ಸು ಅಂತ ಇರುವುದಿಲ್ಲವಂತೆ, ಎಲ್ಲವೂ ಗುಂಪಿನದೇ ಅಂತೆ. ಹೌದೇ?" ಇಂಗ್ಲೆಂಡನ್ನು ನಾನು ಕಂಡದ್ದು ಶಾಲೆಯ ನಕಾಶೆಯಲ್ಲಿ ಮಾತ್ರ. ಆದರೂ ಸುರು ಹಚ್ಚಿಕೊಂಡೆ. ನಿಮ್ಮಲ್ಲಿ ತಂದೆಯ ತಟ್ಟೆ ತಂದೆಗೆ, ಮಗನ ತಟ್ಟೆ ಮಗನಿಗೆ. ಪಕ್ಕದ ಮನೆಯವನು ಸತ್ತರೂ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ 'ನಾನು' ಎನ್ನುವುದೇ ಇಲ್ಲ, ಬರೀ 'ನಾವು'. ಒಬ್ಬನ ಕಾಲಿಗೆ ಮುಳ್ಳು ಚುಚ್ಚಿದರೆ ಊರೇ ಕುಂಟುತ್ತದೆ. ದೊರೆ ಇದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ. ತನ್ನ ಅಪ್ಪ ತೀರಿಕೊಂಡಾಗ ನೆರೆಯವರು ವಾರವಿಡೀ ಊಟ ತಂದುಕೊಟ್ಟರೆಂದು ಏನೋ ಹೇಳಹೊರಟ, ನಾನು ಬಿಡಲಿಲ್ಲ. ಅವನ ದೇಶದ ಸಂಗತಿ ಅವನಿಗಿಂತ ನನಗೇ ಹೆಚ್ಚು ಗೊತ್ತಿತ್ತು.

ಹನ್ನೊಂದು ಮಂದಿ ಉಣ್ಣುವ ನಮ್ಮ ಮನೆಯಲ್ಲಿ ಕೆನೆಮೊಸರಿನ ಗಡಿಗೆ ನನ್ನೊಬ್ಬನದು ಎಂಬುದನ್ನು ಮಾತ್ರ ಹೇಳಲಿಲ್ಲ. "ನಾವು ಅಂದ್ರ ನೀವೂ ನಿಮ್ಮ ಕೆನಿಮಸರೂ ಏನ್ರಿ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅಂಥ ವಿವರಗಳಿಂದ ಪರದೇಶದವರಿಗೆ ಗೊಂದಲವಾಗುತ್ತದೆ.

ಮಸ್ಕಿಯ ಕೆಲಸ ಮುಗಿಸಿ ಸಿಂಧನೂರಿನ ದಾರಿ ಹಿಡಿದೆವು. ಹಳ್ಳದ ನಡುವೆ, ಎದುರಿನಿಂದ ಬಂದ ಬಂಡಿಯೊಂದು ಅಚ್ಚಿನವರೆಗೆ ಕೆಸರಿನಲ್ಲಿ ಹೂತಿತ್ತು. ಹನುಮಪ್ಪ ಎಂಬ ಮುದುಕ ತುರ್ವಿಹಾಳದ ಗಂಡನ ಮನೆಯಿಂದ ಮಗಳನ್ನು ಚೊಚ್ಚಲ ಹೆರಿಗೆಗೆ ಸಂತೆಕಲ್ಲೂರಿನ ತನ್ನ ಮನೆಗೆ ಕರೆದೊಯ್ಯುತ್ತಿದ್ದ. ಬಂಡಿಯೊಳಗೆ ಹುಡುಗಿ ಹಲ್ಲು ಕಚ್ಚಿ ನರಳುತ್ತಿದ್ದಳು. ಮೇಲಿನ ಸೀಮೆಯಲ್ಲಿ ಮೋಡ ಕಪ್ಪಾಗಿತ್ತು.

"ಬ್ಯಾನಿ ಸುರು ಆಗ್ಯಾವ್ರಿ," ಎಂದ ಮುದುಕ. "ಹಳ್ಳ ಬರೋದ್ರಾಗ ದಾಟಿಸ್ಬೇಕ್ರಿ. ಒಂದೀಟು ಕೈ ಹಚ್ರಿ ಎಪ್ಪಾ."

ಯಮನಪ್ಪ ಆಗಲೇ ಧುಮುಕಿದ್ದ. ಕುರಿಗಳಿಗೆ ನೀರು ಕುಡಿಸುತ್ತಿದ್ದ ಮುದುಕಿಯೊಬ್ಬಳು ಸೀರೆ ಮೇಲೆ ಕಟ್ಟಿ ಇಳಿದಳು. ದೊರೆ ಬೂಟು ಬಿಚ್ಚಿ, ನೋಟುಬುಕ್ಕನ್ನು ನನ್ನ ಕೈಗಿತ್ತು, ಹೋಗಿ ಗಾಲಿಗೆ ಹೆಗಲು ಕೊಟ್ಟ. ನಾನು ದಂಡೆಯಲ್ಲಿ ನಿಂತೆ. ಸಿಂಧನೂರಿನ ತಹಸೀಲ್ದಾರರನ್ನು ಕಾಣಲೆಂದು ಅಂದು ಗಂಜಿ ಹಾಕಿಸಿದ ಧೋತರ ಉಟ್ಟಿದ್ದೆ.

"ಮಾಸ್ತರ, ನೀವೂ ಬರ್ರಿ. ಒಂದು ಹೆಗಲು ಕಡಿಮಿ ಬಿದ್ದೈತಿ," ಎಂದು ಯಮನಪ್ಪ ಕೂಗಿದ.

"ಸಾಹೇಬ್ರ ಬುಕ್ಕು ಹಿಡ್ದೀನಲ್ಲೋ. ಮತ್ತ ಧೋತ್ರ ಹೊಲಸಾಗ್ತದ."

"ಬುಕ್ಕು ಕಲ್ಲಿನ ಮ್ಯಾಲಿಟ್ರ ಓಡಿ ಹೋಗ್ತದೇನ್ರಿ?" ಎಂದಳು ಕುರಿಯ ಮುದುಕಿ, ಗಾಲಿಯಿಂದ ಕೈ ತೆಗೆಯದೆ. ಆಮೇಲೆ ಯಮನಪ್ಪನಿಗೆ, "ನಿಂದ್ರಲಿ ಬಿಡೋ. ಹೆರಾಕತ್ತಿದಾಕಿ ಅವ್ರ ಮನಿ ಹೆಣ್ಮಗಳಲ್ಲಲ್ಲ."

ಕೇಳಿಸದವನಂತೆ ನೋಟುಬುಕ್ಕು ತೆರೆದೆ. ಕಣ್ಣಿಗೆ ಬಿದ್ದದ್ದು ಕುಂಟುವ ಊರಿನ ಮಾತೇ. ಕೆಳಗೆ ನನ್ನ ಹೆಸರಿತ್ತು. ಮುಚ್ಚಿದೆ. ಅಷ್ಟರಲ್ಲಿ ಗಾಲಿ ಎದ್ದು, ಬಂಡಿ ದಂಡೆ ಹತ್ತಿ ಹೋಯಿತು. ಸೊಂಟದವರೆಗೆ ಕೆಸರಾದ ದೊರೆ ಬಂದು, "ನೀವು ಹೇಳಿದ್ದು ನಿಜ. ಇಲ್ಲಿ ಎಲ್ಲರೂ ಕೈ ಹಚ್ಚುತ್ತಾರೆ," ಎಂದ. ಚುಚ್ಚಿ ಆಡಿದ್ದಲ್ಲ, ಮನಸಾರೆ ಹೇಳಿದ್ದು. ಚುಚ್ಚಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ನಾನು ಬಣ್ಣಿಸಿದಂಥ, ಯಾರ ಗೊಡವೆಗೂ ಹೋಗದ ಇಂಗ್ಲೆಂಡಿನವನು ಆ ಹಳ್ಳದ ಬಳಿ ಒಬ್ಬನೇ ಒಬ್ಬನಿದ್ದ. ಅವನು ಗಂಜಿ ಹಾಕಿದ ಧೋತರ ಉಟ್ಟಿದ್ದ.

ಐದಾರು ತಿಂಗಳ ಮೇಲೆ ಅದೇ ಹಳ್ಳದಲ್ಲಿ ನಾನು ಕೂತಿದ್ದ ಬಂಡಿ ಹೂತಿತು. ಮಗಳನ್ನೂ ಮೊಮ್ಮಗನನ್ನೂ ತುರ್ವಿಹಾಳಕ್ಕೆ ಬಿಡಲು ಹೊರಟಿದ್ದ ಹನುಮಪ್ಪ ಹಿಂದಿನಿಂದ ಬಂದ. ನನ್ನ ಗುರುತು ಹಿಡಿದ. ಕೂಸನ್ನೆತ್ತಿಕೊಂಡ ಮಗಳನ್ನು ದಂಡೆಯಲ್ಲಿ ನಿಲ್ಲಿಸಿ ತಾನು ಕೆಸರಿಗಿಳಿದು, "ನೀವು ಇಳೀಬ್ಯಾಡ್ರಿ ಮಾಸ್ತರ, ಧೋತ್ರ ಹೊಲಸಾಗ್ತದ," ಎಂದ.

ನಾನು ಇಳಿದೆ. ನನ್ನ ಭಾರ ಇಳಿದದ್ದೇ ತಡ, ಬಂಡಿ ಎದ್ದು ಮುಂದೆ ಹೋಯಿತು. ಕೆಸರಿನಲ್ಲಿ ಮೊಣಕಾಲವರೆಗೆ ಸಿಕ್ಕಿಕೊಂಡು ನಾನೊಬ್ಬನೇ ಉಳಿದೆ. ಹನುಮಪ್ಪ ತಿರುಗಿ ಬಂದು ಕೈ ಕೊಟ್ಟ.